ತೂಕ ಇಳಿಸುವ ಪೈಲ್ವಾನರಿಗೆ ಕ್ರಿಯಾಟಿನ್: ಎಂಟು ವಾರದ ಲೆಕ್ಕ, ಹೆಜ್ಜೆ ಹೆಜ್ಜೆಯಾಗಿ

ಸೆಲೆಕ್ಷನ್ ಟ್ರಯಲ್ಸ್ ಹತ್ತಿರ ಬಂತು ಅಂದರೆ ಮ್ಯಾಟ್ ಪಕ್ಕದಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸರ, ಕ್ರಿಯಾಟಿನ್ ತಗೊಂಡ್ರ ತೂಕ ಏರತೈತಂತ. ತೂಕ ಇಳಸೂವಾಗ ಬಿಟ್ಬಿಡ್ಲೇನ್ರಿ?" ಕ್ರಿಯಾಟಿನ್ ಅಂದರೆ ಬಲಕ್ಕಾಗಿ ನೀರಲ್ಲೋ ಹಾಲಲ್ಲೋ ಕಲಸಿ ಕುಡಿಯುವ ಪುಡಿ. ಕೇಳುವ ಹುಡುಗನಿಗೆ ಉಳಿದಿರುವುದು ಐದಾರು ದಿನ. ಅಷ್ಟು ಹೊತ್ತಿಗೆ ಬಿಟ್ಟರೂ ಒಂದೇ, ಬಿಡದಿದ್ದರೂ ಒಂದೇ. ಸ್ನಾಯುವಿನಲ್ಲಿ ತುಂಬಿಕೊಂಡ ಕ್ರಿಯಾಟಿನ್ ಮೊದಲಿನ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಸೋಮವಾರ ಪುಡಿ ನಿಲ್ಲಿಸಿದರೆ ಶನಿವಾರದ ತೂಕದಲ್ಲಿ ಅದರಿಂದ ಆಗುವ ಬದಲಾವಣೆ ತೀರಾ ಕಡಿಮೆ.

ಹಾಗಾಗಿ ಈ ಪ್ರಶ್ನೆಯನ್ನು ಪಂದ್ಯಕ್ಕೆ ಎಂಟು ವಾರ ಇರುವಾಗಲೇ ಕೇಳಿಕೊಳ್ಳಬೇಕು. ಕೆಳಗಿನ ಹೆಜ್ಜೆಗಳೆಲ್ಲ ಆ ಎಂಟು ವಾರದ ಲೆಕ್ಕ. ಮ್ಯಾಟ್ ಕುಸ್ತಿ ಆಡುವವರಿಗಾಗಿ ಬರೆದಿದ್ದೇನೆ. ಗರಡಿಯಲ್ಲಿ ಮಟ್ಟಿ ಕುಸ್ತಿ ಆಡಿಕೊಂಡು ಬಂದು ಈಗ ಮ್ಯಾಟ್‌ಗೆ ಇಳಿದವರಿಗೂ ಇದು ಬೇಕು. ಜಾತ್ರೆಯ ಕುಸ್ತಿಯಲ್ಲಿ ಜೋಡಿ ಕಟ್ಟುವಾಗ ಒಂದೆರಡು ಕಿಲೋ ಆಚೀಚೆ ನಡೆಯುತ್ತದೆ. ಮ್ಯಾಟ್‌ನಲ್ಲಿ 100 ಗ್ರಾಂ ಕೂಡ ನಡೆಯುವುದಿಲ್ಲ.

ಯಾರು ತಗೊಳ್ಳಬಾರದು

18 ವರ್ಷ ತುಂಬದವರು ಬೇಡ. ಬೆಳೆಯುವ ಮಕ್ಕಳಲ್ಲಿ ಇದನ್ನು ದೀರ್ಘಕಾಲ ಪರೀಕ್ಷಿಸಿ ನೋಡಿದ್ದು ಕಡಿಮೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಬೇಡ ಎಂದೇ ಹೇಳುತ್ತದೆ. ಹದಿನೈದು ವರ್ಷದ ಹುಡುಗನಿಗೆ ಬೇಕಿರುವುದು ಹೊಟ್ಟೆ ತುಂಬ ಊಟ, ನಿದ್ದೆ ಮತ್ತು ಪಟ್ಟುಗಳ ಅಭ್ಯಾಸ. ಅವನಿಗೆ ತೂಕ ಇಳಿಸುವ ಕೆಲಸವೂ ಬೇಡ, ಇದ್ದ ತೂಕದಲ್ಲೇ ಆಡಲಿ.

ಮೂತ್ರಪಿಂಡದ ತೊಂದರೆ ಇರುವವರು, ಸಕ್ಕರೆ ಕಾಯಿಲೆ ಅಥವಾ ಬಿಪಿಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಇನ್ನೊಂದು ವಿಷಯ. ಕ್ರಿಯಾಟಿನ್ ತಗೊಳ್ಳುತ್ತಿರುವಾಗ ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಮೇಲೆ ಬರಬಹುದು. ಕ್ರಿಯಾಟಿನ್ ಒಡೆದಾಗ ಆಗುವುದೇ ಕ್ರಿಯಾಟಿನಿನ್, ಹೀಗಾಗಿ ಕಿಡ್ನಿ ಚೆನ್ನಾಗಿದ್ದರೂ ಹೀಗಾಗುತ್ತದೆ. ಆದರೆ ಡಾಕ್ಟರಿಗೆ ಗೊತ್ತಿರಬೇಕಲ್ವಾ? ಪುಡಿ ತಗೊಳ್ಳುತ್ತಿರುವ ವಿಷಯವನ್ನು ಮೊದಲೇ ಹೇಳಿಬಿಡಿ.

ಪುಡಿ ಮೈಯೊಳಗೆ ಏನು ಮಾಡುತ್ತದೆ

ಇದು ಅರ್ಥವಾದರೆ ಮುಂದಿನದೆಲ್ಲ ಸಲೀಸು. ನಮ್ಮ ಮೈ ತಾನೇ ದಿನಕ್ಕೆ ಸುಮಾರು 1 ಗ್ರಾಂ ಕ್ರಿಯಾಟಿನ್ ತಯಾರಿಸಿಕೊಳ್ಳುತ್ತದೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದ ಇನ್ನೊಂದು ಗ್ರಾಂ ಆಸುಪಾಸು ಸಿಗುತ್ತದೆ. 1832ರಲ್ಲಿ ಫ್ರಾನ್ಸಿನ ಷೆವ್ರೊಲ್ ಎಂಬ ರಸಾಯನ ವಿಜ್ಞಾನಿ ಇದನ್ನು ಮೊದಲು ಕಂಡದ್ದೂ ಮಾಂಸದ ಸಾರದಲ್ಲೇ. ಹೆಸರು ಬಂದಿರುವುದು ಮಾಂಸ ಎನ್ನುವುದಕ್ಕೆ ಇರುವ ಗ್ರೀಕ್ ಮಾತಿನಿಂದ. ಮೈಯಲ್ಲಿರುವ ಕ್ರಿಯಾಟಿನ್‌ನಲ್ಲಿ ನೂರಕ್ಕೆ 95 ಪಾಲು ಸ್ನಾಯುಗಳಲ್ಲೇ ಇರುತ್ತದೆ.

ಅದರ ಕೆಲಸ ಸಿಡಿಯುವ ಬಲಕ್ಕೆ ಸಂಬಂಧಿಸಿದ್ದು. ಎದುರಾಳಿಯ ಕಾಲಿಗೆ ಹಾರಿ ಹಿಡಿಯುತ್ತೀರಿ, ಎತ್ತುತ್ತೀರಿ, ಕೆಡವುತ್ತೀರಿ. ಆ ಕೆಲವು ಸೆಕೆಂಡಿನಲ್ಲಿ ಸ್ನಾಯು ತನ್ನ ಇಂಧನವನ್ನು ಸುಟ್ಟು ಮುಗಿಸುತ್ತದೆ. ಖಾಲಿಯಾದ ಇಂಧನವನ್ನು ತಕ್ಷಣ ಮತ್ತೆ ತುಂಬಿಕೊಡುವುದು ಫಾಸ್ಫೋಕ್ರಿಯಾಟಿನ್, ಅಂದರೆ ಸ್ನಾಯು ಕೂಡಿಟ್ಟುಕೊಂಡ ಕ್ರಿಯಾಟಿನ್‌ನ ಒಂದು ರೂಪ. ಫ್ರೀಸ್ಟೈಲ್ ಕುಸ್ತಿ ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಅಷ್ಟರಲ್ಲಿ ಇಂಥ ಸಿಡಿತ ಹತ್ತಾರು ಸಲ ಬೇಕು. ಪುಡಿ ಉಪಯೋಗಕ್ಕೆ ಬರುವುದು ಇಲ್ಲಿ, ಅದಕ್ಕಿಂತ ಜಾಸ್ತಿ ದಿನನಿತ್ಯದ ಅಭ್ಯಾಸದಲ್ಲಿ. ಊಟ ಕಡಿಮೆ ಮಾಡಿದ ವಾರಗಳಲ್ಲೂ ಬಲದ ಕಸರತ್ತು ಕುಸಿಯದಂತೆ ಅದು ಆಸರೆಯಾಗುತ್ತದೆ. ಕೊಬ್ಬನ್ನು ಮಾತ್ರ ಕರಗಿಸುವುದಿಲ್ಲ. ಹಾಗೆ ಹೇಳಿ ಮಾರುವವರನ್ನು ನಂಬಬೇಡಿ.

ಇನ್ನು ತೂಕದ ಮಾತು. ಕ್ರಿಯಾಟಿನ್ ಸ್ನಾಯುವಿನೊಳಗೆ ಹೋಗುವಾಗ ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ತೂಕ ಏರುವುದು. ದಿನಕ್ಕೆ 20 ಗ್ರಾಂನಂತೆ ಐದಾರು ದಿನ 'ಲೋಡಿಂಗ್' ಮಾಡಿದರೆ ಒಂದೇ ವಾರದಲ್ಲಿ 1ರಿಂದ 2 ಕಿಲೋ ಏರಬಹುದು. ದಿನಕ್ಕೆ 3 ಗ್ರಾಂ ತಗೊಂಡರೆ ನಾಲ್ಕು ವಾರದಲ್ಲಿ ಸ್ನಾಯು ಅಷ್ಟೇ ತುಂಬುತ್ತದೆ, ಆದರೆ ನಿಧಾನವಾಗಿ. ತೂಕ ಇಳಿಸುವವರು ಹಿಡಿಯಬೇಕಾದದ್ದು ಈ ಎರಡನೇ ದಾರಿ.

ಉತ್ತರ ಕರ್ನಾಟಕದ ಎಷ್ಟೋ ಪೈಲ್ವಾನರ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕ್ರಿಯಾಟಿನ್ ಮೊದಲೇ ಕಡಿಮೆ ಇರುತ್ತದೆ, ಹಾಗಾಗಿ ಪುಡಿ ಶುರು ಮಾಡಿದಾಗ ಜಾಸ್ತಿ ತುಂಬಿಕೊಳ್ಳುತ್ತದೆ. ಬಲದ ಲಾಭವೂ ಚೆನ್ನಾಗಿ ಸಿಗಬಹುದು, ತೂಕವೂ ಗೆಳೆಯನಿಗಿಂತ ಜಾಸ್ತಿ ಏರಬಹುದು. "ಅವನಿಗೆ ಅರ್ಧ ಕಿಲೋ ಏರಿತು, ನನಗೂ ಅಷ್ಟೇ" ಎಂದು ಲೆಕ್ಕ ಹಾಕಬೇಡಿ.

ಸಾವಿಗೆ ಕಾರಣ ಪುಡಿಯಾಗಿರಲಿಲ್ಲ

1997ರ ಕೊನೆಯಲ್ಲಿ ಅಮೆರಿಕದಲ್ಲಿ ನವೆಂಬರ್, ಡಿಸೆಂಬರ್ ಎರಡೇ ತಿಂಗಳಲ್ಲಿ ಮೂವರು ಕಾಲೇಜು ಪೈಲ್ವಾನರು ತೂಕ ಇಳಿಸಲು ಹೋಗಿ ಸತ್ತರು. ಮೊದಮೊದಲು ಅನುಮಾನ ಬಂದದ್ದು ಕ್ರಿಯಾಟಿನ್ ಮೇಲೆ. ಆಗ ಅದು ಹೊಸದಾಗಿ ಮಾರುಕಟ್ಟೆ ತುಂಬಿಕೊಂಡಿತ್ತು. ತನಿಖೆ ಮುಗಿದಾಗ ಹೊರಬಂದ ವಿಷಯ ಬೇರೆ. ಗಾಳಿಯಾಡದ ಸೂಟ್ ಹಾಕಿಕೊಂಡು, ಬಿಸಿ ಕೋಣೆಯಲ್ಲಿ, ನೀರು ಕುಡಿಯದೆ ಗಂಟೆಗಟ್ಟಲೆ ಬೆವರು ಸುರಿಸಿದ್ದರು. ಮೈ ಒಣಗಿತ್ತು, ಮೈಯ ಶಾಖ ಮಿತಿ ಮೀರಿತ್ತು. 1998ರ ಜನವರಿಯಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ರಬ್ಬರ್ ಸೂಟ್ ಮತ್ತು ಸೌನಾ (ಬೆವರಿಳಿಸುವ ಬಿಸಿ ಕೋಣೆ) ಎರಡನ್ನೂ ನಿಷೇಧಿಸಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಮ್ಮಲ್ಲಿ ಹುಡುಗರು ಪುಡಿಗೆ ಹೆದರುತ್ತಾರೆ, ಪ್ಲಾಸ್ಟಿಕ್ ಜಾಕೆಟ್‌ಗೆ ಹೆದರುವುದಿಲ್ಲ. ತಗಡಿನ ಶೆಡ್‌ನಲ್ಲಿ, ಏಪ್ರಿಲ್ ತಿಂಗಳ ಬಿಸಿಲಲ್ಲಿ, ಎರಡು ಸ್ವೆಟರ್ ಹಾಕಿಕೊಂಡು ಓಡುತ್ತಾರೆ. ಅದನ್ನು ನೋಡಿದಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ. ಈ ಮಾರ್ಗದರ್ಶಿಯಲ್ಲಿ ಸೌನಾ ಇಲ್ಲ, ಪ್ಲಾಸ್ಟಿಕ್ ಇಲ್ಲ, ಭೇದಿ ಮಾತ್ರೆ ಇಲ್ಲ, ಉಚ್ಚೆ ಮಾತ್ರೆಯಂತೂ ಇಲ್ಲವೇ ಇಲ್ಲ. ಲ್ಯಾಸಿಕ್ಸ್‌ನಂಥ ಮಾತ್ರೆಗಳು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧ ಪಟ್ಟಿಯಲ್ಲಿವೆ. ಪಂದ್ಯದ ದಿನ ಮಾತ್ರವಲ್ಲ, ವರ್ಷಪೂರ್ತಿ ನಿಷೇಧ. ಕ್ರಿಯಾಟಿನ್ ಆ ಪಟ್ಟಿಯಲ್ಲಿಲ್ಲ.

ಹೆಜ್ಜೆ 1: ನಿಮ್ಮ ನಿಜವಾದ ತೂಕ ಯಾವುದು?

ಸತತ ಏಳು ದಿನ ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ಒಂದೇ ಮೆಷಿನ್ ಮೇಲೆ ತೂಕ ನೋಡಿ ಬರೆದಿಡಿ. ಏಳು ದಿನದ ಸರಾಸರಿಯೇ ನಿಮ್ಮ ತೂಕ. ಅಭ್ಯಾಸ ಮುಗಿಸಿ ಬೆವರಿಳಿದ ಮೇಲೆ ನೋಡಿದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೆಣ್ಣುಮಕ್ಕಳು ಮುಟ್ಟಿನ ದಿನಗಳನ್ನೂ ಅದೇ ಪುಸ್ತಕದಲ್ಲಿ ಗುರುತಿಸಿ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈ ನೀರು ಹಿಡಿದುಕೊಂಡು ತೂಕ ಏರುವುದು ಸಾಮಾನ್ಯ. ಪಂದ್ಯದ ದಿನ ಅದರ ಮೇಲೇ ಬಂದು ಬೀಳುತ್ತದೆಯೇ ಎಂದು ಕ್ಯಾಲೆಂಡರ್ ಇಟ್ಟುಕೊಂಡು ನೋಡಿ. ಎಷ್ಟೋ ಸಲ ಪುಡಿಯ ಮೇಲೆ ಹೊರಿಸುವ ತಪ್ಪು ಪುಡಿಯದ್ದಾಗಿರುವುದಿಲ್ಲ.

ಹೆಜ್ಜೆ 2: ಪುಡಿ ಕೊಳ್ಳುವ ಮೊದಲು ವಿಭಾಗದ ಲೆಕ್ಕ

ಹಿರಿಯರ ಪುರುಷ ಫ್ರೀಸ್ಟೈಲ್‌ನಲ್ಲಿ 57, 61, 65, 70, 74, 79, 86, 92, 97, 125 ಕಿಲೋ ವಿಭಾಗಗಳಿವೆ. ಒಬ್ಬ ಹುಡುಗನ ಬೆಳಗಿನ ಸರಾಸರಿ 68.5 ಕಿಲೋ, ಆಡಬೇಕೆಂದಿರುವುದು 65ರಲ್ಲಿ ಎಂದಿಟ್ಟುಕೊಳ್ಳಿ. ಎಂಟು ವಾರ ಇದೆ.

ವಾರಕ್ಕೆ 400 ಗ್ರಾಂ ಕೊಬ್ಬು ಇಳಿಸುವುದು ಬಲಕ್ಕೆ ಪೆಟ್ಟಾಗದ ವೇಗ. ಏಳು ವಾರಕ್ಕೆ 2.8 ಕಿಲೋ. ಕ್ರಿಯಾಟಿನ್‌ನಿಂದ 0.9 ಕಿಲೋ ಏರುತ್ತದೆ ಎಂದು ಹಿಡಿಯಿರಿ. 68.5ಕ್ಕೆ 0.9 ಕೂಡಿಸಿ 2.8 ಕಳೆದರೆ ಕೊನೆಯ ವಾರದ ಮೊದಲ ದಿನ 66.6 ಕಿಲೋ. ಉಳಿದದ್ದು 1.6 ಕಿಲೋ. ವಿಭಾಗದ ತೂಕದ 3%ಗಿಂತ ಜಾಸ್ತಿ ಕೊನೆಯ ವಾರಕ್ಕೆ ಉಳಿಯಬಾರದು, ಇದು ನಾನು ಹಾಕಿಕೊಂಡಿರುವ ಗೆರೆ. 65 ಕಿಲೋಗೆ ಅದು ಹತ್ತಿರಹತ್ತಿರ 2 ಕಿಲೋ. ಈ ಹುಡುಗ ಗೆರೆಯೊಳಗೇ ಇದ್ದಾನೆ. ಕ್ರಿಯಾಟಿನ್ ತಗೊಳ್ಳಬಹುದು.

ಅದೇ ಹುಡುಗ 71 ಕಿಲೋ ಇದ್ದಿದ್ದರೆ? ಅದೇ ಲೆಕ್ಕದಲ್ಲಿ 69.1ಕ್ಕೆ ಬರುತ್ತಾನೆ, ಇನ್ನೂ 4.1 ಕಿಲೋ ಬಾಕಿ. ಪುಡಿ ಬಿಟ್ಟರೂ 3.2 ಕಿಲೋ ಬಾಕಿ, ಅದೂ ಗೆರೆಯಾಚೆ. ಅವನ ಜಾಗ 70 ಕಿಲೋ ವಿಭಾಗ. ಅಲ್ಲಿ ಕ್ರಿಯಾಟಿನ್ ತಗೊಂಡು, ಹೊಟ್ಟೆ ತುಂಬ ಉಂಡು, ಗಟ್ಟಿಯಾಗಿ ಆಡಬಹುದು. ಆದರೆ 65 ಬಿಡಲು ಮನಸ್ಸು ಒಪ್ಪುವುದಿಲ್ಲ, ಮನೆಯವರೂ ಕೋಚೂ ಸೇರಿ "ಇಳಿಸು" ಅನ್ನುತ್ತಾರೆ. ತಪ್ಪು ಆಗುವುದು ಇಲ್ಲೇ, ಪುಡಿಯಲ್ಲಲ್ಲ.

ಮೂರನೆಯದು ನಡುವಿನ ಗುಂಪು. ಪುಡಿ ಇಲ್ಲದಿದ್ದರೆ ಗೆರೆಯೊಳಗೆ, ಪುಡಿ ತಗೊಂಡರೆ ಗೆರೆಯಾಚೆ. ಅಂಥವರು ಈ ಸಲ ಕ್ರಿಯಾಟಿನ್ ಬಿಟ್ಟುಬಿಡಿ. ಬಾಯಾರಿ ಒಣಗಿದ ಮೈಯಲ್ಲಿ ಆಗುವ ನಷ್ಟವನ್ನು ಯಾವ ಪುಡಿಯೂ ತುಂಬಿಕೊಡುವುದಿಲ್ಲ.

ಹೆಜ್ಜೆ 3: ಡಬ್ಬಿ ಆರಿಸುವುದು

ಕ್ರಿಯಾಟಿನ್ ಮೊನೊಹೈಡ್ರೇಟ್ ಮಾತ್ರ ತಗೊಳ್ಳಿ. ಎಚ್‌ಸಿಎಲ್, ಈಥೈಲ್ ಎಸ್ಟರ್, ಬಫರ್ಡ್ ಎಂದು ದುಬಾರಿ ಬೆಲೆಗೆ ಮಾರುವ ಯಾವುದೂ ಇದಕ್ಕಿಂತ ಮೇಲು ಎಂದು ಸಾಬೀತಾಗಿಲ್ಲ. "ನೀರು ಹಿಡಿಯದ ಕ್ರಿಯಾಟಿನ್" ಎಂಬ ಮಾತಿಗೆ ಮರುಳಾಗಬೇಡಿ. ಕಸರತ್ತಿಗೆ ಮುಂಚೆ ಕುಡಿಯಲೆಂದು ಹತ್ತಾರು ಪದಾರ್ಥ ಬೆರೆಸಿದ ಪ್ರೀ ವರ್ಕೌಟ್ ಡಬ್ಬಿ ಪೈಲ್ವಾನನಿಗೆ ಬೇಡವೇ ಬೇಡ. ಅದರೊಳಗೆ ನಿಷೇಧಿತ ಉತ್ತೇಜಕ ಬೆರೆತಿದ್ದರೆ, ಗೊತ್ತಿರಲಿಲ್ಲ ಎಂಬ ಮಾತು ಪ್ರಯೋಜನಕ್ಕೆ ಬರುವುದಿಲ್ಲ. ನಾಡಾ (ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆಯಲ್ಲಿ ಸಿಕ್ಕಿದ್ದಕ್ಕೆ ಹೊಣೆ ಯಾವಾಗಲೂ ಕ್ರೀಡಾಪಟುವಿನದೇ.

ನಾನು ಆಡುತ್ತಿದ್ದ ಕಾಲದಲ್ಲಿ ಒಂದು ಅಂಗಡಿಯಿಂದ ಬಿಲ್ ಇಲ್ಲದೆ ಡಬ್ಬಿ ತಂದಿದ್ದೆ. ಸೀಲ್ ಸಡಿಲವಾಗಿತ್ತು. ಪುಡಿ ನಾಲಿಗೆಗೆ ಸಿಹಿಯಾಗಿತ್ತು. ಶುದ್ಧ ಮೊನೊಹೈಡ್ರೇಟ್‌ಗೆ ಹೆಚ್ಚುಕಮ್ಮಿ ರುಚಿಯೇ ಇರುವುದಿಲ್ಲ. ಅದರಲ್ಲಿ ಏನು ಬೆರೆಸಿದ್ದರೋ, ಎರಡು ವಾರ ಕುಡಿದುಬಿಟ್ಟಿದ್ದೆ. ಆ ವರ್ಷ ನನ್ನನ್ನು ಪರೀಕ್ಷೆಗೆ ಕರೆಯಲಿಲ್ಲ, ಅಷ್ಟೇ ನನ್ನ ಪುಣ್ಯ.

ಡಬ್ಬಿ ಮೇಲೆ ದೇಶದ ಆಹಾರ ಸುರಕ್ಷತಾ ಸಂಸ್ಥೆ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರಬೇಕು. ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಗುರುತು ಇದ್ದರೆ ನಿಷೇಧಿತ ವಸ್ತುಗಳಿಗಾಗಿ ಪರೀಕ್ಷೆ ಆಗಿದೆ ಎಂದರ್ಥ. ಅದೂ ನೂರಕ್ಕೆ ನೂರು ಭರವಸೆಯಲ್ಲ, ಆದರೆ ಅಪಾಯ ತುಂಬಾ ಕಡಿಮೆಯಾಗುತ್ತದೆ. ಬ್ಯಾಚ್ ನಂಬರ್‌ನ ಫೋಟೋ ತೆಗೆದಿಡಿ, ಬಿಲ್ ಇಟ್ಟುಕೊಳ್ಳಿ, ಖಾಲಿ ಡಬ್ಬಿಯನ್ನೂ ಪಂದ್ಯ ಮುಗಿಯುವವರೆಗೆ ಎಸೆಯಬೇಡಿ. ಹಾಸ್ಟೆಲ್‌ನಲ್ಲಿ ಗೆಳೆಯರ ಡಬ್ಬಿಯಿಂದ ಒಂದು ಚಮಚ ತಗೊಳ್ಳುವ ಅಭ್ಯಾಸವನ್ನೂ ಬಿಡಿ.

ಹೆಜ್ಜೆ 4: ದಿನಕ್ಕೆ 3 ಗ್ರಾಂ, ಎಂಟು ವಾರ ಉಳಿದಾಗಿನಿಂದ

ಪಂದ್ಯಕ್ಕೆ ಎಂಟು ವಾರ ಇರುವಾಗ ಶುರು ಮಾಡಿ. ದಿನಕ್ಕೆ ಒಂದು ಸಲ 3 ಗ್ರಾಂ. 80 ಕಿಲೋ ಮೇಲಿನವರು 5 ಗ್ರಾಂವರೆಗೆ ಹೋಗಬಹುದು. ಲೋಡಿಂಗ್ ಬೇಡ. ಚಮಚದಿಂದ ಚಮಚಕ್ಕೆ ಅಳತೆ ಬದಲಾಗುತ್ತದೆ, ಹಾಗಾಗಿ ಡಬ್ಬಿಯೊಳಗಿನ ಸ್ಕೂಪ್ ಎಷ್ಟು ಗ್ರಾಂನದು ಎಂದು ಲೇಬಲ್ ಓದಿ, ಸಾಧ್ಯವಾದರೆ ಒಮ್ಮೆ ಸಣ್ಣ ತಕ್ಕಡಿಯಲ್ಲಿ ತೂಗಿ ನೋಡಿ.

ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ಕರಗುತ್ತದೆ. ಹಾಲಲ್ಲೂ ಆಗುತ್ತದೆ. ಲೋಟದ ತಳದಲ್ಲಿ ಉಳಿದದ್ದಕ್ಕೆ ಇನ್ನಷ್ಟು ನೀರು ಹಾಕಿ ಕುಡಿದುಬಿಡಿ. ಬೆಳಗ್ಗೆ ಕಲಸಿ ಬಾಟಲಿಯಲ್ಲಿಟ್ಟು ಸಂಜೆ ಕುಡಿಯಬೇಡಿ, ನೀರಲ್ಲಿ ಬಹಳ ಹೊತ್ತು ನಿಂತರೆ ನಿಧಾನವಾಗಿ ಒಡೆಯುತ್ತದೆ. ಯಾವ ಹೊತ್ತಲ್ಲಿ ತಗೊಂಡಿರಿ ಎನ್ನುವುದು ಅಷ್ಟೇನೂ ಮುಖ್ಯವಲ್ಲ, ದಿನ ತಪ್ಪಿಸದಿರುವುದು ಮುಖ್ಯ. ಊಟದ ಜೊತೆ ಇಟ್ಟುಕೊಂಡರೆ ಮರೆಯುವುದಿಲ್ಲ, ಹೊಟ್ಟೆಗೂ ಒಗ್ಗುತ್ತದೆ.

ಮೊದಲ ನಾಲ್ಕು ವಾರ ತೂಕ ಇಳಿಯುವುದು ನಿಧಾನ ಎನಿಸುತ್ತದೆ. ಕೊಬ್ಬು 400 ಗ್ರಾಂ ಇಳಿದರೂ ಸ್ನಾಯುವಿನಲ್ಲಿ 200 ಗ್ರಾಂ ನೀರು ಸೇರಿರುತ್ತದೆ. ಗಾಬರಿಯಾಗಿ ಊಟ ಬಿಡಬೇಡಿ. ಸೊಂಟದ ಸುತ್ತಳತೆಯನ್ನೂ ವಾರಕ್ಕೊಮ್ಮೆ ಬರೆದಿಡಿ. ತೂಕ ನಿಂತಲ್ಲೇ ನಿಂತು ಸೊಂಟ ಇಳಿಯುತ್ತಿದ್ದರೆ ದಾರಿ ಸರಿಯಾಗಿದೆ.

ಹೆಜ್ಜೆ 5: ಊಟದಲ್ಲಿ ಎಲ್ಲಿ ಕೈ ಹಾಕಬೇಕು

ವಾರಕ್ಕೆ 400 ಗ್ರಾಂ ಕೊಬ್ಬು ಇಳಿಯಬೇಕಾದರೆ ದಿನಕ್ಕೆ ಸುಮಾರು 450 ಕ್ಯಾಲೊರಿ ಕಡಿಮೆಯಾಗಬೇಕು. ಗರಡಿಯ ಊಟದಲ್ಲಿ ಅದನ್ನು ಹುಡುಕುವುದು ಕಷ್ಟವಲ್ಲ. ಒಂದು ದೊಡ್ಡ ಚಮಚ ತುಪ್ಪದಲ್ಲಿ 120 ಕ್ಯಾಲೊರಿ ಮೇಲಿದೆ, 30 ಗ್ರಾಂ ಬಾದಾಮಿಯಲ್ಲಿ 170ರ ಆಸುಪಾಸು. ಎರಡು ಚಮಚ ತುಪ್ಪ, ಒಂದು ಹಿಡಿ ಬಾದಾಮಿ ಬಿಟ್ಟರೆ ಬಹುತೇಕ ಆಗಿಹೋಯಿತು. ಹಿರಿಯ ಉಸ್ತಾದರಿಗೆ ಇದು ಇಷ್ಟವಾಗುವುದಿಲ್ಲ, ಗೊತ್ತು. ಬಾದಾಮಿ, ತುಪ್ಪ, ಹಾಲು ಬಲ ಕೊಡುವ ಊಟವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಊಟ ಹುಟ್ಟಿದ್ದು ದಿನಕ್ಕೆ ಸಾವಿರ ದಂಡ, ಬಸ್ಕಿ ಹೊಡೆಯುತ್ತಿದ್ದವರಿಗೆ, ತೂಕದ ವಿಭಾಗಗಳ ಚಿಂತೆ ಇಲ್ಲದ ಕಾಲದಲ್ಲಿ. ಎಂಟು ವಾರದ ಮಟ್ಟಿಗೆ ಕಡಿಮೆ ಮಾಡೋಣ, ಆಮೇಲೆ ಮತ್ತೆ ಇದ್ದೇ ಇದೆ.

ಪ್ರೋಟೀನ್ ಮಾತ್ರ ಕಡಿಮೆ ಮಾಡಬಾರದು. ಮೈ ತೂಕದ ಕಿಲೋಗೆ 1.6ರಿಂದ 2.2 ಗ್ರಾಂ ಬೇಕು. 68 ಕಿಲೋ ಹುಡುಗನಿಗೆ 110ರಿಂದ 150 ಗ್ರಾಂ. ಒಂದು ಲೀಟರ್ ಹಾಲಲ್ಲಿ ಸುಮಾರು 32 ಗ್ರಾಂ, ಒಂದು ಮೊಟ್ಟೆಯಲ್ಲಿ 6, 100 ಗ್ರಾಂ ಹಸಿ ಕೋಳಿ ಮಾಂಸದಲ್ಲಿ 22, ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 25ರಷ್ಟು. ಸಸ್ಯಾಹಾರಿಗಳಿಗೆ ಸೋಯಾ, ಕೆನೆ ತೆಗೆದ ಹಾಲು, ಮೊಸರು, ಕಾಳು ಸೇರಿಸಿದರೆ ಸಾಕಾಗುತ್ತದೆ. ಅಭ್ಯಾಸಕ್ಕೆ ಮುಂಚಿನ ಹಾಗೂ ನಂತರದ ಅನ್ನ, ರೊಟ್ಟಿಗೂ ಕೈ ಹಾಕಬೇಡಿ.

ನೀರು ಎಂದಿನಂತೆ ಕುಡಿಯಿರಿ. ಉಚ್ಚೆಯ ಬಣ್ಣ ತಿಳಿ ಹಳದಿ ಇರಬೇಕು.

ಹೆಜ್ಜೆ 6: ನಾಲ್ಕು ವಾರ ಉಳಿದಾಗ ಕೂತು ನಿರ್ಧರಿಸಿ

ಈ ದಿನವನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಹಾಕಿಡಿ. ಪುಸ್ತಕ ತೆರೆದು ಕೋಚ್ ಜೊತೆ ಕೂತು ನೋಡಿ. ನಮ್ಮ ಉದಾಹರಣೆಯ ಹುಡುಗ ಈ ಹೊತ್ತಿಗೆ 67.8ರ ಹತ್ತಿರ ಇರಬೇಕು. 68ರೊಳಗೆ ಇದ್ದರೆ ಪುಡಿ ಮುಂದುವರಿಸಿ. ಸ್ನಾಯು ತುಂಬಿ ಆಗಿದೆ, ಇನ್ನು ಅದರಿಂದ ತೂಕ ಏರುವುದಿಲ್ಲ.

69ರ ಮೇಲಿದ್ದರೆ ಮೊದಲ ಆಯ್ಕೆ 70 ಕಿಲೋ ವಿಭಾಗ. ಅದಕ್ಕೆ ಮನಸ್ಸಿಲ್ಲದಿದ್ದರೆ ಪುಡಿ ನಿಲ್ಲಿಸಲು ಉಪಯೋಗವಿರುವ ಕೊನೆಯ ದಿನ ಇದೇ. ಇಂದು ನಿಲ್ಲಿಸಿದರೆ ಪಂದ್ಯದ ಹೊತ್ತಿಗೆ ಸೇರಿಕೊಂಡ ನೀರಿನ ಬಹುಪಾಲು ತಾನಾಗಿ ಹೋಗುತ್ತದೆ, ಬೆವರಿಳಿಸದೆ. ಅದರ ಜೊತೆ ಕ್ರಿಯಾಟಿನ್‌ನ ಬಲವೂ ಇಳಿಯುತ್ತದೆ, ಅದನ್ನು ಒಪ್ಪಿಕೊಂಡೇ ನಿಲ್ಲಿಸಬೇಕು. ಈ ದಿನ ದಾಟಿದ ಮೇಲೆ, ಎರಡು ವಾರ ಇರುವಾಗ ಬಿಡುವುದು, ಕೊನೆಯ ವಾರ ಬಿಡುವುದು, ಇವೆಲ್ಲ ಸುಮ್ನೆ ಮನಸ್ಸಿನ ಸಮಾಧಾನಕ್ಕೆ.

ಹೆಜ್ಜೆ 7: ಕೊನೆಯ ವಾರ

ಪುಡಿ ಅದೇ 3 ಗ್ರಾಂ. ಹೆಚ್ಚಿಸುವುದು ಬೇಡ. ಕೊನೆಯ ವಾರ "ಬಲ ಬರಲಿ" ಎಂದು 20 ಗ್ರಾಂ ತಗೊಂಡವರು ಒಂದು ಕಡೆ ತೂಕ ಏರಿಸಿಕೊಳ್ಳುತ್ತಾರೆ, ಇನ್ನೊಂದು ಕಡೆ ಹೊಟ್ಟೆ ಕೆಡಿಸಿಕೊಳ್ಳುತ್ತಾರೆ.

ಉಳಿದ 1.6 ಕಿಲೋ ಎಲ್ಲಿಂದ ಬರಬೇಕು? ವಾರದ ಕೊಬ್ಬು ಇಳಿತ 300 ಗ್ರಾಂನಷ್ಟು. ಮಿಕ್ಕಿದ್ದಕ್ಕೆ ದೊಡ್ಡ ಉಪಾಯ ಹೊಟ್ಟೆಯೊಳಗಿನ ಭಾರ. ಕೊನೆಯ ಮೂರು ದಿನ ನಾರಿನ ಊಟ ನಿಲ್ಲಿಸಿ. ಜೋಳದ ರೊಟ್ಟಿ, ರಾಗಿ ಮುದ್ದೆ, ಕಾಳು ಪಲ್ಯ, ಸೊಪ್ಪು, ಹಸಿ ತರಕಾರಿ, ಶೇಂಗಾ ಇವೆಲ್ಲ ಒಳ್ಳೆಯವೇ, ಆದರೆ ಕರುಳಿನಲ್ಲಿ ಬಹಳ ಹೊತ್ತು ಉಳಿಯುತ್ತವೆ, ನೀರನ್ನೂ ಹಿಡಿದಿಡುತ್ತವೆ. ಅವುಗಳ ಬದಲು ಬಿಳಿ ಅನ್ನ, ಮೊಸರು, ಮೊಟ್ಟೆ, ಕೋಳಿ ಅಥವಾ ಪನೀರ್, ಸ್ವಲ್ಪ ಜೇನು. ಅರ್ಧ ಕಿಲೋ ಆಸುಪಾಸು ಹೀಗೇ ಇಳಿಯುತ್ತದೆ, ಬಲಕ್ಕೆ ಏನೂ ಆಗುವುದಿಲ್ಲ.

ಅನ್ನದ ಪ್ರಮಾಣವನ್ನು ಕೊನೆಯ ಎರಡು ದಿನ ಸ್ವಲ್ಪ ತಗ್ಗಿಸಿ. ಅನ್ನದಿಂದ ಬಂದ ಸಕ್ಕರೆಯನ್ನು ಸ್ನಾಯು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. 100 ಗ್ರಾಂ ಗ್ಲೈಕೋಜೆನ್ ಇಳಿದರೆ 400 ಗ್ರಾಂ ತೂಕ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಬಿಡಿ. ಉಪ್ಪನ್ನು ಪೂರ್ತಿ ಬಿಡಬೇಡಿ. ನೀರು ಕೊನೆಯ ಸಂಜೆಯವರೆಗೂ ಎಂದಿನಂತೆ. ಆ ರಾತ್ರಿ ಮಾತ್ರ ಹಗುರ ಊಟ, ಬಾಯಿ ಒಣಗದಷ್ಟು ನೀರು.

ಇಲ್ಲೊಂದು ತಪ್ಪು ಲೆಕ್ಕದ ಬಗ್ಗೆ ಎಚ್ಚರ. "ರಾತ್ರಿ ನಿದ್ದೆಯಲ್ಲಿ ಅರ್ಧ ಕಿಲೋ ಇಳಿಯುತ್ತೆ" ಎಂದು ಅದನ್ನೂ ಕಳೆಯುತ್ತಾರೆ. ನೀವು ಇಷ್ಟು ದಿನ ಬರೆದಿಟ್ಟದ್ದು ಬೆಳಗಿನ ತೂಕ. ರಾತ್ರಿಯ ಇಳಿತ ಅದರಲ್ಲಿ ಆಗಲೇ ಸೇರಿದೆ. ಎರಡು ಸಲ ಕಳೆದರೆ ಬೆಳಗ್ಗೆ ಮೆಷಿನ್ ಮೇಲೆ ನಿಂತಾಗ ಗೊತ್ತಾಗುತ್ತದೆ.

ಎಷ್ಟೇ ಹೇಳಿದರೂ ಯಾರೋ ಒಬ್ಬರು ಕೊನೆಯ ರಾತ್ರಿ ಓಡಲು ಹೊರಡುತ್ತಾರೆ. ಒಬ್ಬರೇ ಹೋಗಲು ಬಿಡಬೇಡಿ. ತಲೆ ಸುತ್ತುವುದು, ಮಾತು ತೊದಲುವುದು, ಬೆವರು ನಿಂತುಹೋಗುವುದು, ಏನು ಮಾಡುತ್ತಿದ್ದೇನೆಂದು ಗೊತ್ತಾಗದಿರುವುದು, ಇದರಲ್ಲಿ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ. ನೆರಳಿಗೆ ತಂದು, ಬಟ್ಟೆ ತೆಗೆದು, ಮೈಗೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಆ ಹೊತ್ತಿನಲ್ಲಿ ತೂಕದ ಮಾತು ಬೇಡ.

ಹೆಜ್ಜೆ 8: ತೂಕ ಕೊಟ್ಟ ಮೇಲಿನ ಎರಡು ಗಂಟೆ

ಹಿಂದೆ ಪಂದ್ಯದ ಹಿಂದಿನ ಸಂಜೆಯೇ ತೂಕ ನೋಡುತ್ತಿದ್ದರು. ಇಡೀ ರಾತ್ರಿ ಕುಡಿದು ತಿಂದು ಸುಧಾರಿಸಿಕೊಳ್ಳಬಹುದಿತ್ತು. 2018ರಿಂದ ವಿಶ್ವ ಕುಸ್ತಿ ಸಂಸ್ಥೆಯ ನಿಯಮದಂತೆ ಪಂದ್ಯದ ದಿನ ಬೆಳಗ್ಗೆಯೇ ತೂಕ. ಮೊದಲ ಕುಸ್ತಿಗೆ ಸುಮಾರು ಎರಡು ಗಂಟೆ ಇರುತ್ತದೆ, ಅಷ್ಟೇ. ಹಳೆಯ ಕಾಲದ ಕೋಚ್‌ಗಳು ತಮ್ಮ ಅನುಭವದಿಂದ ಹೇಳುವ ಐದಾರು ಕಿಲೋ ಇಳಿಸುವ ಲೆಕ್ಕ ಈಗ ನಡೆಯದಿರುವುದು ಇದಕ್ಕೇ.

ಮೆಷಿನ್‌ನಿಂದ ಇಳಿದ ಕೂಡಲೇ ಓಆರ್‌ಎಸ್. ಒಂದು ಲೀಟರ್ ನೀರಿಗೆ ಹಾಕುವ ದೊಡ್ಡ ಪ್ಯಾಕೆಟ್ ಹಿಂದಿನ ರಾತ್ರಿಯೇ ಬ್ಯಾಗಿನಲ್ಲಿರಲಿ. ಮೊದಲು ಒಂದು ಲೋಟ, ಆಮೇಲೆ ಕಾಲು ಗಂಟೆಗೊಮ್ಮೆ ಅರ್ಧ ಲೋಟದಂತೆ ಗುಟುಕು ಗುಟುಕಾಗಿ. ಗಟಗಟ ಕುಡಿದರೆ ಹೊಟ್ಟೆಯಲ್ಲಿ ಕುಲುಕುತ್ತದೆ, ಉಚ್ಚೆಯಾಗಿ ಹೋಗುತ್ತದೆ. ಊಟಕ್ಕೆ ಉಪ್ಪು ಹಾಕಿದ ಗಂಜಿ, ಬಿಳಿ ಅನ್ನಕ್ಕೆ ತಿಳಿಸಾರು, ಬಾಳೆಹಣ್ಣು, ಬ್ರೆಡ್ ಜಾಮ್, ಖರ್ಜೂರ. ತುಪ್ಪ, ಬಾದಾಮಿ ಹಾಲು, ಬಿರಿಯಾನಿ ಆ ಹೊತ್ತಿಗೆ ಬೇಡ, ಕರಗುವಷ್ಟರಲ್ಲಿ ಕುಸ್ತಿ ಮುಗಿದಿರುತ್ತದೆ. ದಿನದ 3 ಗ್ರಾಂ ಕ್ರಿಯಾಟಿನನ್ನು ಆವತ್ತು ರಾತ್ರಿ ಊಟದ ಜೊತೆ ತಗೊಳ್ಳಿ. ಎಂಟು ವಾರ ತುಂಬಿಸಿದ ಸ್ನಾಯುವಿಗೆ ಬೆಳಗಿನ ಒಂದು ಚಮಚದಿಂದ ಹೊಸದಾಗಿ ಆಗುವುದೇನೂ ಇಲ್ಲ.

ಹೆಜ್ಜೆ 9: ಎರಡನೇ ದಿನದ ತೂಕ

ದೊಡ್ಡ ಪಂದ್ಯಾವಳಿಗಳಲ್ಲಿ ಒಂದು ವಿಭಾಗ ಎರಡು ದಿನ ನಡೆಯುತ್ತದೆ. ಫೈನಲ್ ಅಥವಾ ಸೋತವರಿಗೆ ಕಂಚಿನ ಪದಕಕ್ಕಾಗಿ ಸಿಗುವ ಇನ್ನೊಂದು ಅವಕಾಶವಾದ ರೆಪೆಶಾಜ್‌ಗೆ ಬಂದವರು ಮರುದಿನ ಬೆಳಗ್ಗೆ ಮತ್ತೆ ತೂಕ ಕೊಡಬೇಕು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 7ರ ಬೆಳಗ್ಗೆ ವಿನೇಶ್ ಫೋಗಟ್ 50 ಕಿಲೋ ಫೈನಲ್‌ಗೆ ಮುನ್ನ 100 ಗ್ರಾಂ ಜಾಸ್ತಿ ತೂಗಿ ಅನರ್ಹರಾದರು. ಹಿಂದಿನ ದಿನ ಮೂರು ಕುಸ್ತಿ ಗೆದ್ದಿದ್ದರು. ಆ ಮೂರರಲ್ಲಿ ಮೊದಲನೆಯದು ಹಾಲಿ ಒಲಿಂಪಿಕ್ ಚಾಂಪಿಯನ್ ಯುಯಿ ಸುಸಾಕಿ ವಿರುದ್ಧ. ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿದರೂ ಆ 100 ಗ್ರಾಂ ಇಳಿಯಲಿಲ್ಲ. ಆ ಬೆಳಗ್ಗೆ ನಮ್ಮ ತಾಲೀಮಿನಲ್ಲಿ ಯಾರ ಬಾಯಲ್ಲೂ ಮಾತಿರಲಿಲ್ಲ.

ಕೊನೆಯ ವಾರಕ್ಕೆ 3% ಎಂಬ ಗೆರೆ ಹಾಕಿಕೊಂಡಿರುವುದಕ್ಕೆ ಎರಡನೇ ಕಾರಣ ಇದು. ಜಾಸ್ತಿ ಒಣಗಿಸಿದ ಮೈ ಕೊಟ್ಟದ್ದನ್ನೆಲ್ಲ ಹೀರಿಕೊಂಡು ಮರುದಿನಕ್ಕೆ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಮೈ ರಾತ್ರಿ ನಿದ್ದೆಯಲ್ಲಿ ಎಷ್ಟು ಇಳಿಯುತ್ತದೆ ಎಂದು ಎಂಟು ವಾರದಲ್ಲಿ ನಾಲ್ಕಾರು ಸಲ, ಮಲಗುವ ಮುಂಚೆ ಮತ್ತು ಎದ್ದ ಮೇಲೆ ತೂಗಿ, ತಿಳಿದಿಟ್ಟುಕೊಂಡಿರಬೇಕು. ಅದು ಅರ್ಧ ಕಿಲೋ ಆದರೆ 65ರ ಹುಡುಗ ಮಲಗುವಾಗ 65.4 ದಾಟಬಾರದು. ಮೊದಲ ದಿನ ಕುಸ್ತಿಗಳ ನಡುವೆ ಏನು ತಿಂದರೂ ಕುಡಿದರೂ ತೂಗಿ ಬರೆಯಲು ಒಬ್ಬ ಗೆಳೆಯನನ್ನು ಜೊತೆಗಿಟ್ಟುಕೊಳ್ಳಿ. ಆಡುವವನ ತಲೆಯಲ್ಲಿ ಆ ಹೊತ್ತಿಗೆ ಲೆಕ್ಕ ನಿಲ್ಲುವುದಿಲ್ಲ. ಕೊನೆಯ ಕುಸ್ತಿ ಮುಗಿದ ಮೇಲೆ ಮತ್ತೆ ನಾರಿಲ್ಲದ ಊಟ, ಅಳತೆಯ ನೀರು, 3 ಗ್ರಾಂ ಪುಡಿ, ನಿದ್ದೆ.

ಪಂದ್ಯ ಮುಗಿದ ವಾರ ರೊಟ್ಟಿ, ಕಾಳು, ತುಪ್ಪ ಎಲ್ಲ ವಾಪಸ್ ಬರಲಿ. ಪುಡಿಯನ್ನು 3 ಗ್ರಾಂನಲ್ಲೇ ಮುಂದುವರಿಸಬಹುದು, ಮಧ್ಯೆ ಬಿಟ್ಟು ಬಿಟ್ಟು ತಗೊಳ್ಳುವ ಅಗತ್ಯವಿಲ್ಲ. ಏಳನೇ ದಿನದಿಂದ ಮತ್ತೆ ಬೆಳಗಿನ ತೂಕ ಬರೆಯಲು ಶುರು ಮಾಡಿ. ಕ್ರಿಯಾಟಿನ್ ಸೇರಿದ ಆ ಅಂಕಿಯೇ ಈಗ ನಿಮ್ಮ ತೂಕ, ಮುಂದಿನ ಟ್ರಯಲ್ಸ್‌ಗೆ ಯಾವ ವಿಭಾಗ ಎಂದು ಅಲ್ಲಿಂದಲೇ ಲೆಕ್ಕ ಹಾಕಿ.